ಹಸೆ ಜೊಂಡು

ಕೆರೆ ಕೆಲಸದಲ್ಲಿ ಹೂಳಿಗಿಂತ ಮೊಂಡು ಅಂದರೆ ಜೊಂಡು. ಹೂಳನ್ನು ಒಮ್ಮೆ ಎತ್ತಿ ಹಾಕಿದರೆ ಮತ್ತೆ ತುಂಬಲು ವರ್ಷಗಳೇ ಬೇಕು. ಜೊಂಡು ಹಾಗಲ್ಲ. ಕುಡುಗೋಲಿನಲ್ಲಿ ಕೊಯ್ದರೆ ಮುಂದಿನ ಮಳೆಗೆ ಇನ್ನೂ ದಟ್ಟವಾಗಿ ಏಳುತ್ತದೆ. ಬೆಂಕಿ ಹಾಕಿದರೆ ಮೇಲಿನ ಎಲೆ ಸುಟ್ಟು, ಕೆಸರಿನೊಳಗಿನ ಗೆಡ್ಡೆ ಹಾಯಾಗಿ ಮಲಗಿರುತ್ತದೆ. ಆ ಗೆಡ್ಡೆಗಳು ಒಂದಕ್ಕೊಂದು ಹೆಣೆದುಕೊಂಡು ತಳದಲ್ಲಿ ಕಂಬಳಿಯಂತೆ ಹರಡಿಕೊಂಡಿರುತ್ತವೆ. ಅದನ್ನು ಹಿಟಾಚಿ ಯಂತ್ರದ ಬಕೆಟ್ಟಿನ ಹಲ್ಲಿಗೆ ಸಿಕ್ಕಿಸಿ ಕಿತ್ತು, ನೀರು ಸೋರಿಸಿ, ಏರಿಯ ಆಚೆಗೆ ಸಾಗಿಸಿದರೆ ಮಾತ್ರ ಕೆಲಸ ಮುಗಿದ ಲೆಕ್ಕ.

ಶನಿವಾರಸಂತೆಯಿಂದ ಸ್ವಲ್ಪ ದೂರದ ಆ ಊರಿನ ಕೆರೆಗೆ ಹೋದಾಗ ಜೊಂಡಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ಕಿತ್ತು ಹಾಕುವವನಿಗೆ ಇದಕ್ಕಿಂತ ಹೆಚ್ಚು ತಿಳಿಯಬೇಕಾದ ಅಗತ್ಯ ಇಲ್ಲ ಎಂದೇ ನಂಬಿದ್ದೆ.

ನಾನು ಒಬ್ಬ ಕಂಟ್ರಾಕ್ಟರರ ಕೈಕೆಳಗೆ ಸೈಟ್ ಸೂಪರ್‌ವೈಸರ್. ಊರು ದಕ್ಷಿಣ ಕೊಡಗು. ಮನೆಯಲ್ಲಿ ಮಲಯಾಳ, ಓದಿದ್ದು ಕನ್ನಡ, ಕೆಲಸದ ಜಾಗದಲ್ಲಿ ಯಾರ ಬಾಯಿಗೆ ಯಾವುದು ಬರುತ್ತದೋ ಅದು. ನಮ್ಮ ಹಿಟಾಚಿ ಆಪರೇಟರ್ ಕೇರಳದಿಂದ ಹೊಸದಾಗಿ ಬಂದವನು. ಅವನಿಗೆ ಕನ್ನಡದಲ್ಲಿ ‘ಊಟ’ ಮತ್ತು ‘ಡೀಸೆಲ್’ ಬಿಟ್ಟರೆ ಬೇರೆ ಪದ ಬರುತ್ತಿರಲಿಲ್ಲ. ಹಾಗಾಗಿ ಊರಿನವರು ಹೇಳಿದ್ದನ್ನು ಅವನಿಗೆ ದಾಟಿಸುವುದು ನನ್ನ ಕೆಲಸದಲ್ಲಿ ಅರ್ಧ. ಎರಡೂ ಭಾಷೆ ಬರುತ್ತದೆ ಎಂಬ ಜಂಬ ಬೇರೆ ನನಗಿತ್ತು.

ಕಾಫಿ ಪಿಕಿಂಗ್ ಮುಗಿದು, ಮುಂಗಾರು ಇನ್ನೂ ದೂರ ಇದ್ದ ಸಮಯ. ಪಂಪು ಇಟ್ಟು ಕೆರೆಯ ನೀರನ್ನು ಗದ್ದೆಗಳ ಕಡೆಗೆ ಬಿಟ್ಟು ತಳ ಕಾಣುವಂತೆ ಮಾಡಿದೆವು. ಜೊಂಡು ಅರ್ಧಕ್ಕಿಂತ ಹೆಚ್ಚು ಕೆರೆಯನ್ನು ನುಂಗಿತ್ತು. ತೂಬಿನ ಬಾಯಿಗೂ ಗೆಡ್ಡೆ ಹೆಣೆದುಕೊಂಡು ಕೆಳಗಿನ ಗದ್ದೆಗಳಿಗೆ ನೀರೇ ಇಳಿಯುತ್ತಿರಲಿಲ್ಲ. ಊರಿನವರೇ ಅರ್ಜಿ ಹಾಕಿ ಮಂಜೂರು ಮಾಡಿಸಿಕೊಂಡಿದ್ದ ಕೆಲಸ ಅದು. ಹಾಗಾಗಿ ಯಾರದ್ದೂ ವಿರೋಧ ಇರಲಿಲ್ಲ. ಆದರೆ ಸಲಹೆ ಮಾತ್ರ ಎಲ್ಲರದ್ದೂ ಇತ್ತು. ಒಬ್ಬರು ಬಂದು ಜಂಬುಕೋಳಿ ಗೂಡು ಕಟ್ಟಿದೆ, ನೋಡಿಕೊಂಡು ತೆಗೆಯಿರಿ ಅನ್ನುತ್ತಿದ್ದರು. ಇನ್ನೊಬ್ಬರು ತಾವು ಈಜು ಕಲಿತದ್ದು ಜೊಂಡಿನ ಕಟ್ಟನ್ನು ಎದೆಗೆ ಕಟ್ಟಿಕೊಂಡೇ ಎಂದು ಕಥೆ ಶುರು ಮಾಡುತ್ತಿದ್ದರು. ಹೆಂಗಸರು ಕಂದು ಬಣ್ಣದ ತೆನೆಗಳನ್ನು ಮುರಿದುಕೊಂಡು ಹೋಗುತ್ತಿದ್ದರು. ಒಣಗಿದ ತೆನೆಯನ್ನು ಹಿಸುಕಿದರೆ ಹತ್ತಿಯ ಹಾಗೆ ಉಬ್ಬಿ ಬರುತ್ತದೆ, ದಿಂಬಿಗೆ ತುಂಬಲು. ಗಾಯದ ಮೇಲೆ ಒತ್ತಿದರೆ ರಕ್ತ ನಿಲ್ಲುತ್ತದೆ ಎಂದೂ ಹೇಳಿದರು. ನಾನು ಎಲ್ಲದಕ್ಕೂ ಹೂಂಗುಟ್ಟುತ್ತಿದ್ದೆ. ಕಿವಿ ಎಲ್ಲಿತ್ತೋ ದೇವರೇ ಬಲ್ಲ.

ಹಿಟಾಚಿ ಕೋಡಿಯ ಕಡೆಗೆ ಹೊರಳಿದ ಬೆಳಿಗ್ಗೆ ಅತ್ತೆ ಬಂದರು. ಅವರು ನನ್ನ ಅತ್ತೆಯಲ್ಲ. ಏರಿಯ ಕೆಳಗಿನ ಮನೆಯ ಗೌಡರ ಅಕ್ಕ. ಗೌಡರ ಮಗಳು ಅತ್ತೆ ಅತ್ತೆ ಅಂದು ಊರಿಗೆಲ್ಲ ಅದೇ ಹೆಸರಾಗಿತ್ತು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಉಳಿದವರು. ಅವರ ಬಾಯಿಗೆ ಹೆದರದ ಗಂಡಸು ಆ ಊರಿನಲ್ಲಿ ಇರಲಿಲ್ಲ. ತಲೆಗೆ ಟವಲ್ ಸುತ್ತಿಕೊಂಡು ಏರಿಯ ಮೇಲೆ ನಿಂತು, ಎಂಜಿನ್ನಿನ ಸದ್ದಿನ ನಡುವೆಯೇ ಕೂಗಿದರು.

“ಸೂಪ್ರವೈಸರ್ರೇ, ಹಸೆ ಜೊಂಡು ಮುಟ್ಬ್ಯಾಡಿ! ಮಿಕ್ಕಿದ್ದೆಲ್ಲಾ ತೆಗ್ದಾಕಿ!”

ನನಗೆ ಕೇಳಿಸಿದ್ದು ‘ಹಸಿ ಜೊಂಡು’.

ಕೆರೆಯಲ್ಲಿ ಜೊಂಡು ಎರಡು ಬಗೆಯಾಗಿ ನಿಂತಿತ್ತು. ತೂಬಿನ ಕಡೆಯದ್ದು ಹಿಂದಿನ ಬೇಸಿಗೆಯಲ್ಲಿ ಬೆಂಕಿ ಬಿದ್ದು ಮತ್ತೆ ಚಿಗುರಿದ ಎಳೆಯದು, ಹಸಿರು ಹಸಿರು. ಕೋಡಿಯ ಬದಿಯದ್ದು ಬಲಿತು ಆಳುದ್ದ ನಿಂತು, ತೆನೆ ಕಂದಾಗಿ, ಎಲೆಯ ತುದಿ ಹಳದಿಗೆ ತಿರುಗಿತ್ತು. ಬೇಸಿಗೆಯಲ್ಲಿ ದನಕ್ಕೆ ಹಸಿರು ಮೇವಿಲ್ಲ, ಅದಕ್ಕೇ ಹಸಿಯದನ್ನು ಕೆಲವು ದಿನ ಉಳಿಸಿ ಅನ್ನುತ್ತಿದ್ದಾರೆ ಎಂದು ನಾನೇ ಅರ್ಥ ಮಾಡಿಕೊಂಡೆ. ದನ ಜೊಂಡನ್ನು ತಿನ್ನುತ್ತದೆಯೇ ಎಂದೂ ಯೋಚಿಸಲಿಲ್ಲ. ಎಂಜಿನ್ ಆಫ್ ಮಾಡಿಸಿ “ಏನಂದ್ರಿ ಅಕ್ಕಾ?” ಎಂದು ಕೇಳಬಹುದಿತ್ತು. ಕೇಳಲಿಲ್ಲ. ದಿನವೂ ಸಲಹೆ ಕೇಳಿ ಕೇಳಿ ಸಾಕಾಗಿತ್ತು. ಕೈಯೆತ್ತಿ ಆಯ್ತು ಎಂದು ತೋರಿಸಿದೆ. ಅವರು ನೆಮ್ಮದಿಯಾಗಿ ಮನೆಯ ಕಡೆ ಇಳಿದರು. ನಾನು ಆಪರೇಟರಿಗೆ ಹೇಳಿದೆ.

“ಪಚ್ಚ ವಿಟ್ಟೇಕ್, ಬಾಕ್ಕಿ ಎಡ್ತೋ.”

ಹಸಿರು ಬಿಡು, ಮಿಕ್ಕಿದ್ದು ತೆಗೆ. ಅವನು ಚೆನ್ನಾಗಿ ಕೆಲಸ ಮಾಡುವವನು. ಸಂಜೆಯೊಳಗೆ ಕೋಡಿಯ ಬದಿಯನ್ನು ಗೆಡ್ಡೆಸಮೇತ ಬೋಳಿಸಿ ಏರಿಯ ಮೇಲೆ ರಾಶಿ ಹಾಕಿದ. ಆ ದಿನದ ಕೆಲಸ ನೋಡಿ ನನಗೆ ಖುಷಿಯೂ ಆಗಿತ್ತು.

ಮರುದಿನ ಅತ್ತೆ ಕುಡುಗೋಲು ಹಿಡಿದುಕೊಂಡು ಬಂದರು. ಕೋಡಿಯ ಕಡೆ ನೋಡಿದವರು ಅಲ್ಲೇ ನಿಂತುಬಿಟ್ಟರು. ಆಮೇಲೆ ನೇರವಾಗಿ ಹಿಟಾಚಿಯ ಹತ್ತಿರ ಹೋಗಿ ಆಪರೇಟರನ್ನು ಬೈಯಲು ಶುರು ಮಾಡಿದರು. ಅವನಿಗೆ ಒಂದು ಅಕ್ಷರವೂ ಅರ್ಥವಾಗದೆ ನನ್ನ ಮುಖ ನೋಡಿದ. ನಾನು ಓಡಿ ಹೋಗಿ ನಡುವೆ ನಿಂತು, ಹೇಳಿದ್ದು ನಾನು, ಅವನದೇನೂ ತಪ್ಪಿಲ್ಲ ಎಂದೆ.

“ಹಸೆ ಜೊಂಡು ಬಿಡಿ ಅಂತ ಬಾಯ್ಬಿಟ್ಟು ಹೇಳಿದ್ನಲ್ಲಪ್ಪಾ! ಆಯ್ತು ಅಂತ ಕೈ ಎತ್ತಿದ್ಯಲ್ಲ!”

“ಹಸಿ ಜೊಂಡು ಬಿಟ್ಟಿದ್ದೀನಲ್ಲ ಅಕ್ಕಾ, ಅಲ್ಲಿ ನೋಡಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಸಿ ಅಲ್ಲ ಕಣೋ, ಹಸೆ. ಮದುವೆ ಹಸೆ. ಹೆಣ್ಣು ಗಂಡು ಕೂರ್ಸಕ್ಕೆ ಹಾಸ್ತೀವಲ್ಲ, ಆ ಚಾಪೆ.”

ಹಸೆಮಣೆ ಎಂಬ ಪದವನ್ನು ಲಗ್ನಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದೆ. ಅದು ಮಣೆಯ ಹೆಸರು ಎಂದುಕೊಂಡಿದ್ದೆ. ಹಸೆ ಎಂದರೆ ಚಾಪೆ ಎಂದು ಯಾರೂ ನನಗೆ ಹೇಳಿರಲಿಲ್ಲ, ನಮ್ಮ ಕಡೆಯ ಮದುವೆಗಳಲ್ಲಿ ಅದು ಇಲ್ಲ. ಆ ಮನೆತನದಲ್ಲಿ ಹೆಣ್ಣಿನ ಹಸೆಗೆ ಊರ ಕೆರೆಯ ಜೊಂಡೇ ಆಗಬೇಕಂತೆ. ಅದಕ್ಕೆಂದೇ ಕೋಡಿಯ ಬದಿಯನ್ನು ಯಾರೂ ಕೊಯ್ಯದೆ ಬಲಿಯಲು ಬಿಟ್ಟಿದ್ದರು. ಊರಿನವರಿಗೆಲ್ಲ ಗೊತ್ತಿದ್ದ ಜಾಗವಾದ್ದರಿಂದ ಅತ್ತೆ ಬೆರಳು ಮಾಡಿ ತೋರಿಸಿರಲಿಲ್ಲ. ಗೌಡರ ಮಗಳ ಮದುವೆ ಹತ್ತಿರದಲ್ಲೇ ಇತ್ತು.

ಅತ್ತೆ ಏರಿಯ ಮೇಲಿನ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದೇ ದಂಟು ಎಳೆದು ನೋಡಿದರು. ಬಕೆಟ್ಟಿನ ಹಲ್ಲಿಗೆ ಸಿಕ್ಕಿ, ಟ್ರ್ಯಾಕಿನ ಕೆಳಗೆ ಬಿದ್ದು ಎಲ್ಲ ಜಜ್ಜಿಹೋಗಿತ್ತು. ನಾನೂ ಆಪರೇಟರೂ ಅವರ ಎದುರು ಕೂತು ಹುಡುಕಿದೆವು. ಒಂದು ಹಿಡಿಯಷ್ಟು ನೆಟ್ಟಗಿನ ಎಲೆ ಸಿಕ್ಕಿತು. ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ, ಪೊರಕೆಗೂ ಸಾಲದು ಎಂದು ಎಸೆದು ಎದ್ದು ಹೋದರು.

ಆಪರೇಟರ್ ಮೆಲ್ಲಗೆ ಕೇಳಿದ, “ನಿಙ್ಙಳಲ್ಲೇ ಪರಞ್ಞದು?”

ನೀವೇ ಅಲ್ಲವೇ ಹೇಳಿದ್ದು ಎಂದು. ಹೌದು, ನಾನೇ.

ತಪ್ಪು ಮಾಡಿದವನಿಗೆ ಅದನ್ನು ಸರಿ ಮಾಡುವ ಅವಸರ ಬಹಳ. ಶನಿವಾರ ಸಂತೆಗೆ ಹೋದೆ. ಹಾಸನ ಕಡೆಯಿಂದ ಬರುವ ಚಾಪೆಯವರ ಹತ್ತಿರ ಈಚಲಿನದ್ದೇ ಹೆಚ್ಚು, ಪ್ಲಾಸ್ಟಿಕ್ಕಿನದ್ದು ಅದಕ್ಕಿಂತ ಹೆಚ್ಚು. ಹುಡುಕಿ ಹುಡುಕಿ ಒಬ್ಬರಲ್ಲಿ ಅಪ್ಪಟ ಜೊಂಡಿನ ಚಾಪೆ ಸಿಕ್ಕಿತು. ಕೆಂಪು ಅಂಚು, ಬಿಗಿಯಾದ ನೇಯ್ಗೆ, ಮೂಸಿದರೆ ಒಣಹುಲ್ಲಿನ ವಾಸನೆ. ಎರಡು ಸಲ ಬಿಚ್ಚಿಸಿ ನೋಡಿ ತಂದೆ. ಗೌಡರ ಮನೆಗೆ ಹೋಗಿ, ನನ್ನಿಂದ ಹಾಳಾಯಿತು, ದಯವಿಟ್ಟು ಇದನ್ನು ಇಟ್ಟುಕೊಳ್ಳಿ ಎಂದೆ.

ಗೌಡರ ಮುಖ ಅರಳಿತು. “ಅಯ್ಯೋ, ಇಷ್ಟಕ್ಕೆಲ್ಲಾ ಯಾಕ್ ತಲೆ ಕೆಡ್ಸ್ಕಂಡ್ರಿ? ಒಳ್ಳೇ ಲಕ್ಷಣವಾಗದೆ ಬಿಡಿ” ಎಂದರು. ಅವರ ಹೆಂಡತಿ ಚಾಪೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಕೋಣೆಗೆ ತೆಗೆದುಕೊಂಡು ಹೋದರು. ನನಗೆ ಕಾಫಿ, ಚಕ್ಕುಲಿ ಬಂತು. ಅತ್ತೆ ಜಗಲಿಯ ಆ ತುದಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತಲಿಲ್ಲ, ಏನೂ ಅನ್ನಲಿಲ್ಲ. ಅಂಥ ಬಾಯಿಯವರು ಸುಮ್ಮನಿದ್ದಾರೆ ಎಂದರೆ ಸಿಟ್ಟು ಇಳಿದಿರಬೇಕು ಎಂದುಕೊಂಡೆ. ಎದೆಯ ಮೇಲಿನ ಕಲ್ಲು ಇಳಿಸಿದವನ ಹಾಗೆ ಬೈಕ್ ಹತ್ತಿದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಎರಡು ಮೂರು ದಿನ ಬಿಟ್ಟು ಮದುವೆ ಹುಡುಗಿಯೇ ಏರಿಯ ಮೇಲೆ ಬಂದಳು. ನಾವು ಆಗ ತೂಬಿನ ಬಾಯಿ ಬಿಡಿಸುತ್ತಿದ್ದೆವು.

“ಅಣ್ಣಾ, ಬೇಜಾರ್ ಮಾಡ್ಕಬ್ಯಾಡಿ, ಒಂದ್ ಮಾತು. ಆ ಚಾಪೆ ನೀವು ತರ್ಬಾರ್ದಿತ್ತು.”

“ಯಾಕಮ್ಮ, ಚೆನ್ನಾಗಿಲ್ವಾ?”

“ಚೆನ್ನಾಗೈತೆ. ಅದೇ ತೊಂದ್ರೆ.” ಅವಳು ಮನೆಯ ಕಡೆ ತಿರುಗಿ ನೋಡಿ ದನಿ ತಗ್ಗಿಸಿದಳು. “ಅತ್ತೆಗೆ ಗಂಡ ಇಲ್ಲ ಅಂತ ಅರಿಶಿನ ಹಚ್ಚಕ್ಕೆ ಕರೆಯಲ್ಲ, ಧಾರೆ ಹೊತ್ತಲ್ಲಿ ಹತ್ರ ಬರಾಂಗಿಲ್ಲ. ನಾನು ಅಪ್ಪನ್ ಜೊತೆ ಎಷ್ಟ್ ಜಗಳ ಆಡಿದ್ರೂ ಆಗ್ಲಿಲ್ಲ. ಅತ್ತೇನೇ ಬ್ಯಾಡ ಅಂತಾರೆ. ಆದ್ರೆ ಹಸೆ ನೇಯೋದು ಸೋದರತ್ತೆ. ಅದಕ್ಕೆ ಮುತ್ತೈದೆನೇ ಆಗ್ಬೇಕು ಅಂತ ಏನಿಲ್ಲ. ನನ್ ಮದುವೇಲಿ ಅವ್ರ ಕೈಯಿಂದ ಆಗೋದು ಅದೊಂದೇ. ಈಗ ಮನೇಲಿ ಚಾಪೆ ಬಂದು ಕೂತೈತೆ. ಇನ್ನು ನೀ ನೇಯಿ ಅಂತ ಅವ್ರಿಗೆ ಯಾರು ಹೇಳ್ತಾರೆ?”

ಮೊದಲ ಸಲ ಅತ್ತೆಯ ಜೊಂಡು ತೆಗೆದೆ. ಎರಡನೆಯ ಸಲ ಅವರ ಕೈಯಲ್ಲಿದ್ದ ಕೆಲಸವನ್ನೇ ತೆಗೆದೆ. ಅದನ್ನು ಮಾಡಿ ಚಕ್ಕುಲಿ ತಿಂದು ಬಂದಿದ್ದೆ. ಮೊದಲನೆಯದು ಕಿವಿಯ ತಪ್ಪು ಎಂದು ಸಮಾಧಾನ ಮಾಡಿಕೊಳ್ಳಬಹುದು. ಎರಡನೆಯದಕ್ಕೆ ಆ ನೆಪವೂ ಇರಲಿಲ್ಲ.

ತೂಬಿನ ಕಡೆಯ ಹಸಿ ಜೊಂಡು ಇನ್ನೂ ನಿಂತಿತ್ತು. ಮರುದಿನ ಅದಕ್ಕೂ ಬಕೆಟ್ ಹಾಕುವುದಿತ್ತು. ನಾನು ಹಿಟಾಚಿ ನಿಲ್ಲಿಸಲು ಹೇಳಿದೆ. ಮಿಷನ್ ಖಾಲಿ ನಿಂತರೆ ಕಂಟ್ರಾಕ್ಟರರಿಗೆ ಏನು ಹೇಳುವುದು ಎಂದು ಆಪರೇಟರ್ ಕ್ಯಾಬಿನ್ನಿನಿಂದಲೇ ಕೇಳಿದ. ಬೈಸಿಕೊಳ್ಳುತ್ತೇನೆ ಎಂದೆ, ಆಮೇಲೆ ಬೈಸಿಕೊಂಡೆ ಕೂಡ. ಗೌಡರ ಮನೆಗೆ ಹೋಗಿ ಜಗಲಿಯ ಕೆಳಗೆ ನಿಂತು ಅತ್ತೆಯನ್ನು ಕೇಳಿದೆ.

“ಅಕ್ಕಾ, ಎಳೆಯದರಲ್ಲಿ ಹಸೆ ಆಗುತ್ತಾ?”

“ಆಗಲ್ಲ.”

“ಆಗಲೇಬೇಕು ಅಂದ್ರೆ?”

ಅವರು ಮೊರವನ್ನು ಪಕ್ಕಕ್ಕಿಟ್ಟರು. “ಚಾಪೆ ಬಂದೈತಲ್ಲಪ್ಪಾ, ಕೆಂಪಂಚಿನದ್ದು. ಇನ್ಯಾಕೆ?”

“ಅದು ನಾನು ಮಾಡಿದ ಇನ್ನೊಂದು ತಪ್ಪು ಅಕ್ಕಾ.”

ಅವರು ಎದ್ದು ಒಳಗೆ ಹೋಗಿ ಕುಡುಗೋಲು ತಂದರು.

ಆ ಕೊಯ್ಲನ್ನು ನಾನು ಮರೆಯುವಂತಿಲ್ಲ. ಮಿಷನ್ನಿನ ಮೇಲೆ ಕೂತು ತೆಗೆಯುವುದಕ್ಕೂ ತೊಡೆಯವರೆಗೆ ಕೆಸರಿನಲ್ಲಿ ಇಳಿದು ಕೊಯ್ಯುವುದಕ್ಕೂ ಅಜಗಜಾಂತರ. ಅತ್ತೆ ಏರಿಯ ಮೇಲೆ ನಿಂತು ಯಾವ ಗಿಡ, ಎಷ್ಟು ಕೆಳಗೆ ಎಂದು ಕೂಗುತ್ತಿದ್ದರು. ಕೆಸರಿನ ಮಟ್ಟದಿಂದ ಒಂದು ಗೇಣು ಮೇಲೆ ಕೊಯ್ಯಬೇಕು. ಅದಕ್ಕಿಂತ ಕೆಳಗಿನದು ಮೆತ್ತಗೆ, ಕೊಳೆಯುತ್ತದೆ. ತೆನೆ ಬಂದ ಗಿಡವಾದರೆ ಎಲೆ ಮಾತ್ರ ಬೇಕು, ದಂಟು ಗಟ್ಟಿ, ಮಡಿಸಿದರೆ ಮುರಿಯುತ್ತದೆ. ಆಪರೇಟರೂ ಲುಂಗಿ ಎತ್ತಿ ಕಟ್ಟಿಕೊಂಡು ಇಳಿದ. ಇಬ್ಬರ ಕಾಲಿಗೂ ಜಿಗಣೆ ಹಿಡಿದವು. ಎಲೆಯ ಅಂಚು ತಾಗಿ ನನ್ನ ಮುಂಗೈ ತುಂಬ ಗೀರು. ಬಲಿತ ಜೊಂಡಾಗಿದ್ದರೆ ಇಷ್ಟರಲ್ಲಿ ಅರ್ಧ ಸಾಕು, ಎಳೆಯದು ಒಣಗಿದರೆ ದಾರ ಆಗುತ್ತದೆ, ಇನ್ನೂ ತಾ ಎಂದು ಅವರು ಅನ್ನುತ್ತಲೇ ಇದ್ದರು.

ಕಾಫಿ ಒಣಗಿಸುವ ಕಣ ಖಾಲಿ ಬಿದ್ದಿತ್ತು. ಅಲ್ಲಿ ಹರಡೋಣ ಎಂದೆ. ಬಿಸಿಲಿಗೆ ಹಾಕಿದರೆ ಎಲೆ ಮುರುಟಿಕೊಳ್ಳುತ್ತದೆ, ನೆರಳಲ್ಲೇ ಒಣಗಬೇಕು ಎಂದರು. ಕಾಫಿ ಮೂಟೆ ಇಡುವ ಶೆಡ್ಡಿನಲ್ಲಿ ಗೋಣಿ ಹಾಸಿ ಹರಡಿ, ಬೆಳಿಗ್ಗೆ ಸಂಜೆ ತಿರುವಿ ಹಾಕಿದೆವು. ಸರಿಯಾಗಿ ಒಣಗುವಷ್ಟು ಸಮಯ ಇರಲಿಲ್ಲ. ಅರ್ಧಂಬರ್ಧ ಒಣಗಿದ್ದನ್ನೇ ಅತ್ತೆ ನೇಯಲು ಕೂತರು. ನೆಲಕ್ಕೆ ಗೂಟ ಹೊಡೆದು ಹುರಿ ಬಿಗಿದು, ಒಂದೊಂದೇ ಎಲೆಯನ್ನು ಬುಡ ತಲೆ ಅದಲು ಬದಲು ಮಾಡಿ ಅಡ್ಡಕ್ಕೆ ಸೇರಿಸಿ, ಕೋಲಿನಿಂದ ತಟ್ಟಿ ಕೂರಿಸುವುದು. ನಾನು ಎಲೆ ಒರೆಸಿ ಕೊಡುತ್ತಿದ್ದೆ.

“ಹಸಿ ಹಸಿ ಅಂತಿದ್ಯಲ್ಲ, ತಗಾ. ಹಸೀದ್ರಲ್ಲೇ ಹಸೆ ಆಯ್ತು” ಎಂದು ನಕ್ಕರು. ಅವರು ನನ್ನೆದುರು ನಕ್ಕದ್ದು ಅದೇ ಮೊದಲು. ಆಮೇಲೆ ನಗು ನಿಲ್ಲಿಸಿ, ಇದು ಒಣಗಿದ ಮೇಲೆ ಸಡಿಲ ಆಗುತ್ತದೆ, ಸಂದು ಬಿಡುತ್ತದೆ, ಮದುವೆಯ ಹೊತ್ತಿಗೆ ಹಿಡಿದು ನಿಂತರೆ ಸಾಕು ಎಂದರು.

ಇನ್ನು ಉಳಿದದ್ದು ಸಂತೆಯ ಚಾಪೆ. ಅದನ್ನು ವಾಪಸ್ ಕೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಗೌಡರ ಹತ್ತಿರ ಹೋದೆ. ಅಕ್ಕ ನೇಯ್ದದ್ದು ಆಗಿದೆ, ನಾನು ತಂದದ್ದನ್ನು ತೆಗೆದುಕೊಂಡು ಹೋಗುತ್ತೇನೆ ಎಂದೆ.

“ದೇವ್ರ ಮನೆ ಹೊಕ್ಕಿದ್ದನ್ನ ಮದ್ವೆ ಮುಂಚೆ ಹೊರಗ್ ಕಳ್ಸಕ್ಕಾಯ್ತದಾ ಸೂಪ್ರವೈಸರ್ರೇ? ಎರಡೂ ಇರ್ಲಿ. ಎರಡನ್ನೂ ಹಾಸಿದ್ರಾಯ್ತು.”

ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೇಳಬೇಕಿತ್ತು. ಅಕ್ಕನದೇ ಮೇಲಿರಲಿ ಎನ್ನಬೇಕಿತ್ತು. ಶುಭಕಾರ್ಯದ ಮನೆಯಲ್ಲಿ ಹೊರಗಿನವನು ಹೆಚ್ಚು ಮಾತಾಡಬಾರದು ಎಂಬ ಸಂಕೋಚ ಅಡ್ಡ ಬಂತು. “ಆಯ್ತು ಗೌಡ್ರೇ” ಎಂದು ಬಂದುಬಿಟ್ಟೆ.

ಮದುವೆ ಪೇಟೆಯ ಕಲ್ಯಾಣ ಮಂಟಪದಲ್ಲಿ. ನನಗೂ ಆಪರೇಟರಿಗೂ ಕರೆ ಇತ್ತು. ನಾವು ಹೋಗುವಾಗ ಹುಡುಗಿ, ಹುಡುಗ ಹಸೆಯ ಮೇಲೆ ಕೂತಾಗಿತ್ತು. ಜನರ ಸಂದಿಯಲ್ಲಿ ಇಣುಕಿದೆ. ಮೇಲೆ ಕೆಂಪಂಚಿನ ಚಾಪೆ. ಅದರ ಕೆಳಗೆ, ಒಂದು ಬದಿಯಲ್ಲಿ ಮಾತ್ರ ನಾಲ್ಕು ಬೆರಳಿನಷ್ಟು ಹಸಿರು ಬಣ್ಣದ ಅಂಚು ಹೊರಗೆ ಬಂದಿತ್ತು. ನಾನು ತಂದದ್ದು ಕೊನೆಗೂ ಅತ್ತೆಯ ತಲೆಯ ಮೇಲೆ ಕೂತಿತ್ತು.

ಅತ್ತೆ ಹಿಂದುಗಡೆ, ಊಟದ ಕೋಣೆಯ ಬಾಗಿಲ ಹತ್ತಿರ ಬಾಳೆಲೆ ಒರೆಸುತ್ತಾ ಕೂತಿದ್ದರು. ನನ್ನನ್ನು ಕಂಡವರೇ ಕೈ ಬೀಸಿ ಕರೆದರು.

“ಹಾಸವ್ರಾ?”

“ಹಾಸಿದ್ದಾರೆ ಅಕ್ಕಾ.”

“ಮಗು ಕೂತೈತಾ?”

“ಕೂತಿದ್ದಾಳೆ.”

“ಮೊಬೈಲಲ್ಲಿ ಒಂದ್ ಪೋಟ ತಕ್ಕಂಬಾ. ನಾನು ಅತ್ಲಾಗೆ ಬರಾಂಗಿಲ್ಲ.”

ಮತ್ತೆ ಒಳಗೆ ಹೋದೆ. ಮೊಬೈಲ್ ಎತ್ತಿ ಹಿಡಿದರೆ ಕೆಂಪಂಚು ರಾಚುವ ಹಾಗೆ ಕಾಣುತ್ತಿತ್ತು. ಅದನ್ನು ಅವರಿಗೆ ಹೇಗೆ ತೋರಿಸಲಿ? ಮೊಬೈಲನ್ನು ಸ್ವಲ್ಪ ಮೇಲಕ್ಕೆತ್ತಿ, ಸೊಂಟದಿಂದ ಮೇಲೆ ಮಾತ್ರ ಬರುವಂತೆ ತೆಗೆದೆ. ಹುಡುಗಿಯ ಮುಖ ಚೆನ್ನಾಗಿ ಬಂತು, ಹೂವಿನ ಜಡೆಯೂ ಬಂತು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲನ್ನು ಹತ್ತಿರ ಹಿಡಿದು ನೋಡಿದರು. ಬೆರಳಿನಿಂದ ಚಿತ್ರವನ್ನು ಮೇಲಕ್ಕೆ ತಳ್ಳಿದರು. ಇನ್ನೊಮ್ಮೆ ತಳ್ಳಿದರು.

“ಕೆಳಗಡೆ ಬಂದಿಲ್ವಲ್ಲ.”

“ಜನ ಅಡ್ಡ ಬಂದ್ರು ಅಕ್ಕಾ.”

“ಕೆಂಪಂಚಿಂದು ಮೇಲೈತೆ ಅಂತ ತಾನೆ? ನಾನೇ ಅಂಗೆ ಹಾಸಿ ಅಂದಿದ್ದು ಕಣಪ್ಪಾ. ನಂದಿನ್ನೂ ಹಸಿ, ಮಗು ಸೀರೆಗೆ ಕಲೆ ಆಯ್ತದೆ. ಒಂದ್ ಕಡೆ ಮಾತ್ರ ನಂದು ನಾಕ್ ಬೆರ್ಳು ಆಚೆ ಬರಂಗೆ ಹಾಸಿ ಅಂದಿದ್ದೆ. ಹಾಸವ್ರಾ ಅಂತ ಅದ್ನೇ ನೋಡಣಾ ಅಂತಿದ್ದೆ.”

ಮೊಬೈಲ್ ಕಸಿದುಕೊಂಡವನ ಹಾಗೆ ತೆಗೆದುಕೊಂಡು ಓಡಿದೆ. ವಾಲಗದವರನ್ನು ದಾಟಿ, ಫೋಟೋದವರನ್ನು ತಳ್ಳಿಕೊಂಡು ಮಂಟಪದ ಮುಂದೆ ಬಂದೆ. ಹುಡುಗಿ, ಹುಡುಗ ಎದ್ದು ಆಗಲೇ ಹಿರಿಯರ ಕಾಲಿಗೆ ಬೀಳುತ್ತಿದ್ದರು. ಶಾಮಿಯಾನದವರು ಎರಡೂ ಚಾಪೆಗಳನ್ನು ಒಟ್ಟಿಗೇ ಸುತ್ತಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು.